ಕಲ್ಲು ಒಡೆದವರ ಹೆಸರೆಲ್ಲಿ? ಕಬ್ಬಾಳಿನಿಂದ ವಿಧಾನಸೌಧದವರೆಗೆ

ಕನಕಪುರ ತಾಲೂಕಿನ ಸಾತನೂರು ಸೀಮೆಯಲ್ಲಿ ಕಬ್ಬಾಳು ಎಂಬ ಊರಿದೆ. ಊರಿನ ನೆತ್ತಿಯ ಮೇಲೆ ಸಕ್ಕರೆ ಅಚ್ಚಿನಂತೆ ಎದ್ದು ನಿಂತಿರುವ ಬೋಳು ಬಂಡೆಯ ಬೆಟ್ಟವೇ ಕಬ್ಬಾಳದುರ್ಗ. ಸಮುದ್ರ ಮಟ್ಟದಿಂದ ಸುಮಾರು ಮೂರೂವರೆ ಸಾವಿರ ಅಡಿ ಎತ್ತರ. ಈ ಊರಿಗೆ ಬರುವವರಲ್ಲಿ ಹೆಚ್ಚಿನವರು ಬೆಟ್ಟದ ಬುಡದಲ್ಲಿರುವ ಕಬ್ಬಾಳಮ್ಮನಿಗೆ ಹರಕೆ ಹೊತ್ತು ಬರುವ ಭಕ್ತರು. ರಜಾ ದಿನಗಳಲ್ಲಿ ಬೆಂಗಳೂರಿನಿಂದ ಬೆಟ್ಟ ಹತ್ತಲು ಬರುವ ಹುಡುಗರು ಇನ್ನೊಂದು ಬಗೆಯವರು. ಇವರಿಬ್ಬರನ್ನು ಬಿಟ್ಟರೆ ಮೂರನೆಯ ಬಗೆಯ ಯಾತ್ರಿಕರೂ ಇದ್ದಾರೆ. ಅವರು ದೇಶ ವಿದೇಶಗಳ ಭೂವಿಜ್ಞಾನಿಗಳು. ಅವರು ಬರುವುದು ಅಮ್ಮನ ಗುಡಿಗೂ ಅಲ್ಲ, ಕೋಟೆಗೂ ಅಲ್ಲ. ಅವರು ನೋಡಲು ಬರುವುದು ಇಲ್ಲಿನ ಒಂದು ಕಲ್ಲು ಕ್ವಾರಿಯನ್ನು.

ಈ ಮೂರು ಬಗೆಯ ಯಾತ್ರಿಕರನ್ನೂ ಒಂದು ಸಂಗತಿ ಒಟ್ಟಿಗೆ ಕಟ್ಟಿಹಾಕುತ್ತದೆ. ಗುಡಿಯ ಕಂಬ, ಬೆಟ್ಟ ಹತ್ತುವ ದಾರಿಯಲ್ಲಿ ಬಂಡೆಯಲ್ಲೇ ಕಡೆದ ಮೆಟ್ಟಿಲು, ಕ್ವಾರಿಯ ಸೀಳಿದ ಗೋಡೆ, ಇವೆಲ್ಲವೂ ಉಳಿ ಸುತ್ತಿಗೆ ಹಿಡಿದವರ ಕೈಯಿಂದ ಆದವು. ಗುಡಿಯ ಮಹಿಮೆ ಹೇಳುವವರಿದ್ದಾರೆ. ಕೋಟೆಯ ಇತಿಹಾಸ ಬರೆದವರಿದ್ದಾರೆ. ಕಲ್ಲಿನ ವಯಸ್ಸನ್ನು ಲೆಕ್ಕ ಹಾಕಿದವರೂ ಇದ್ದಾರೆ. ಆದರೆ ಕಲ್ಲು ಒಡೆದವರ ಬಗ್ಗೆ? ಅವರ ಮೈಗೆ ಏನಾಯಿತು, ಮನಸ್ಸಿಗೆ ಏನಾಯಿತು ಎಂದು ಕೇಳಿದವರು ಬಹಳ ಕಡಿಮೆ. ಈ ಲೇಖನದಲ್ಲಿ ನಾವು ಕೇಳಲು ಹೊರಟಿರುವುದು ಅದೇ ಪ್ರಶ್ನೆಯನ್ನು.

ಕ್ವಾರಿ ಕಲಿಸಿದ ಪಾಠ

ಮೊದಲು ಕಲ್ಲಿನ ಕತೆ. ಮಾಗಡಿ, ರಾಮನಗರ, ಕನಕಪುರದ ಸುತ್ತ ಕಾಣುವ ಗುಡ್ಡಬಂಡೆಗಳಲ್ಲಿ ಬಹುಪಾಲು ಒಂದು ಉದ್ದನೆಯ ಕಲ್ಲುಪಟ್ಟಿಗೆ ಸೇರಿದವು. ಭೂವಿಜ್ಞಾನದಲ್ಲಿ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ರಾಮನಗರಕ್ಕೆ ಮೊದಲು ಕ್ಲೋಸ್‌ಪೇಟೆ ಎಂಬ ಹೆಸರಿತ್ತು. 1799ರ ನಂತರ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ಹೆಸರು ಅದು. ಊರು ಆ ಹೆಸರನ್ನು ಕಳಚಿಕೊಂಡರೂ ಕಲ್ಲು ಇನ್ನೂ ಹೊತ್ತುಕೊಂಡಿದೆ. ಈ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ.

ಕಬ್ಬಾಳಿನ ಕ್ವಾರಿಯಲ್ಲಿ ಕಂಡದ್ದು ಇನ್ನೂ ಅಪರೂಪದ್ದು. ಬೂದು ಬಣ್ಣದ ಹಳೆಯ ಶಿಲೆಯೊಂದು ತನ್ನ ಬಿರುಕುಗಳ ಉದ್ದಕ್ಕೂ ಹಸಿರು ಮಿಶ್ರಿತ ಕಂದು ಬಣ್ಣದ ಬೇರೆಯೇ ಶಿಲೆಯಾಗಿ ಬದಲಾಗುತ್ತಾ ಅರ್ಧದಲ್ಲಿ ನಿಂತುಬಿಟ್ಟಿದೆ. ಬದಲಾದ ಶಿಲೆಯ ಹೆಸರು ಚಾರ್ನೊಕೈಟ್. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕ್‌ನ ಗೋರಿಕಲ್ಲಿನಿಂದ ಬಂದ ಹೆಸರದು. ಒಂದು ಶಿಲೆ ಇನ್ನೊಂದಾಗುವ ಗಳಿಗೆಯನ್ನು ಹೀಗೆ ಕಣ್ಣಾರೆ ತೋರಿಸುವ ಜಾಗಗಳು ಲೋಕದಲ್ಲಿ ಹೆಚ್ಚಿಲ್ಲ. ನಮ್ಮವರೇ ಆದ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎ.ಎಸ್. ಜನಾರ್ದನ್ ಅವರು ಅಮೆರಿಕದ ಇಬ್ಬರು ವಿಜ್ಞಾನಿಗಳೊಂದಿಗೆ ಸೇರಿ ಅದೇ ಪತ್ರಿಕೆಯಲ್ಲಿ ಕಬ್ಬಾಳದುರ್ಗದ ಶಿಲೆಯ ಬಗ್ಗೆ ಮತ್ತೆ ಬರೆದರು. ಹೀಗೆ ಕನ್ನಡ ನಾಡಿನ ಒಂದು ಸಣ್ಣ ಊರಿನ ಹೆಸರು ಜಗತ್ತಿನ ಪಠ್ಯಗಳಲ್ಲಿ ಸೇರಿಕೊಂಡಿತು.

ನಾವು ಹೆಮ್ಮೆ ಪಡಬೇಕಾದ ಸಂಗತಿಯೇ ಸರಿ. ಆದರೆ ಒಂದು ಮಾತನ್ನು ಮರೆಯಬಾರದು. ಬಿಸಿಲು ಮಳೆಗೆ ಕಪ್ಪಾದ ಬಂಡೆಯ ಮೇಲ್ಮೈಯಲ್ಲಿ ಈ ಬಣ್ಣಗಳ ವ್ಯತ್ಯಾಸ ಸುಲಭವಾಗಿ ಕಾಣದು. ಹೊಸದಾಗಿ ಸೀಳಿದ ಮುಖ ಬೇಕು. ಆ ಮುಖವನ್ನು ತೆರೆದುಕೊಟ್ಟದ್ದು ಜಲ್ಲಿಗಾಗಿ, ಸೈಜುಗಲ್ಲಿಗಾಗಿ ಬಂಡೆ ಒಡೆಯುತ್ತಿದ್ದ ಕೂಲಿಕಾರರ ಬೆಣೆ ಮತ್ತು ಚಮ್ಮಟಿಗೆ. ವಿಜ್ಞಾನದ ಪುಟದಲ್ಲಿ ಕ್ವಾರಿಯ ಹೆಸರಿದೆ, ಕ್ವಾರಿಯನ್ನು ಕ್ವಾರಿ ಮಾಡಿದವರ ಹೆಸರಿಲ್ಲ. ಇದು ವಿಜ್ಞಾನಿಗಳ ತಪ್ಪೇನೂ ಅಲ್ಲ. ನಮ್ಮ ಇತಿಹಾಸವೆಲ್ಲ ಬರೆಯಲ್ಪಟ್ಟಿರುವುದೇ ಹೀಗೆ.

ಶಾಸನದಲ್ಲಿ ಯಾರಿದ್ದಾರೆ?

ಶಾಸನಗಳನ್ನು ಓದಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕಟ್ಟಿಸಿದವನ ಹೆಸರು, ಅವನ ವಂಶ, ಬಿರುದು, ದಾನದ ವಿವರ ಎಲ್ಲವೂ ಅಲ್ಲಿವೆ. ಹೊಯ್ಸಳರ ಕಾಲದ ಶಿಲ್ಪಿಗಳು ತಮ್ಮ ಮೂರ್ತಿಗಳ ಪೀಠದಲ್ಲಿ ಹೆಸರು ಕೆತ್ತಿಕೊಂಡದ್ದುಂಟು. ಸೋಮನಾಥಪುರದ ಮಲ್ಲಿತಮ್ಮ, ಬೇಲೂರಿನ ದಾಸೋಜ ಮುಂತಾದವರನ್ನು ನಾವು ಬಲ್ಲೆವು. ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಉಸ್ತುವಾರಿ ನೋಡಿಕೊಂಡ ಮಲಿಕ್ ಸಂದಲ್‌ನ ಹೆಸರೂ ಖರ್ಚಿನ ಲೆಕ್ಕವೂ ಇವೆ. ಆದರೆ ಮೂರ್ತಿಗೆ ಬೇಕಾದ ಕಲ್ಲನ್ನು ಗುಡ್ಡದಿಂದ ಎಬ್ಬಿಸಿದವನು, ಅದನ್ನು ಬಂಡಿಗೆ ಏರಿಸಿದವನು, ಅಡಿಪಾಯದ ಮಣ್ಣು ಹೊತ್ತವಳು ಶಾಸನದ ಹೊರಗೇ ಉಳಿದರು.

ಅವರು ಶಾಸನದೊಳಗೆ ಬಂದರೆ ಬರುವುದು ಸಂಖ್ಯೆಯಾಗಿ. ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯನ್ನು ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ. ಅಲ್ಲಿನ 1369ರ ಶಾಸನದ ಪ್ರಕಾರ ಎರಡು ವರ್ಷ ಕಾಲ ದಿನಕ್ಕೆ ಸಾವಿರ ಆಳು ದುಡಿದರು, ಕಲ್ಲು ಸಾಗಿಸಲು ನೂರು ಬಂಡಿಗಳಿದ್ದವು. ಇಷ್ಟನ್ನಾದರೂ ಬರೆಸಿದ್ದಾನಲ್ಲ ಎಂದು ನಾವು ಸಂತೋಷಪಡಬೇಕು. ಕೃಷ್ಣದೇವರಾಯನ ಕಾಲದಲ್ಲಿ ಹೊಸಪೇಟೆಯ ಬಳಿ ದೊಡ್ಡ ಕೆರೆ ಕಟ್ಟುವುದನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ನೆಲವೇ ಕಾಣದ ಹಾಗೆ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಆ ಕೆರೆಯ ಏರಿ ಎರಡು ಮೂರು ಸಲ ಒಡೆದಾಗ ದೇವರಿಗೆ ರಕ್ತ ಬೇಕೆಂಬ ಮಾತು ಬಂದು, ಮರಣದಂಡನೆಗೆ ಅರ್ಹರಾದ ಕೈದಿಗಳನ್ನು ಬಲಿ ಕೊಡಲಾಯಿತೆಂದೂ ಅವನೇ ಹೇಳುತ್ತಾನೆ. ನಮ್ಮ ಜನಪದರ 'ಕೆರೆಗೆ ಹಾರ' ಕಥನಗೀತೆಯ ಭಾಗೀರಥಿಯನ್ನು ಕನ್ನಡಿಗರು ಯಾರೂ ಮರೆತಿಲ್ಲ. ಕಟ್ಟಡ ನಿಲ್ಲಬೇಕಾದರೆ ಒಂದು ಜೀವ ಹೋಗಬೇಕು ಎಂಬ ನಂಬಿಕೆ ಕೇವಲ ಕತೆಯಾಗಿ ಹುಟ್ಟಿದ್ದಲ್ಲ. ಕಟ್ಟುವ ಜಾಗದಲ್ಲಿ ಜೀವ ಹೋಗುವುದನ್ನು ಜನ ಕಣ್ಣಾರೆ ಕಾಣುತ್ತಿದ್ದರು. ಅದಕ್ಕೊಂದು ಅರ್ಥ ಬೇಕಾಗಿತ್ತು.

ಹಳೆಯ ಕಾಲದ ದುಡಿಮೆಗೆ ಎರಡು ಮುಖಗಳಿದ್ದವು. ಒಂದು ಕಟ್ಟುಕೊಡಗೆ. ಕೆರೆ ಕಟ್ಟಿದವನಿಗೆ, ಅದನ್ನು ಕಾಪಾಡಿದವನಿಗೆ ಭೂಮಿ ಕೊಡುವ ಗೌರವದ ಪದ್ಧತಿ. ಇನ್ನೊಂದು ಬಿಟ್ಟಿ. ಕೂಲಿಯಿಲ್ಲದೆ ದುಡಿಸಿಕೊಳ್ಳುವ ಹಕ್ಕು. ಬಿಟ್ಟಿಯನ್ನು ಶಾಸನಗಳು ಒಂದು ತೆರಿಗೆಯಂತೆ ಲೆಕ್ಕ ಹಾಕುತ್ತವೆ. ಇಂದು ನಾವು ಪುಕ್ಕಟೆ ಸಿಕ್ಕಿದ್ದನ್ನು 'ಬಿಟ್ಟಿ' ಎನ್ನುತ್ತೇವೆ. ಆ ಮಾತಿನ ಹಿಂದೆ ಯಾರ ಬೆನ್ನು ಬಾಗಿತ್ತು ಎಂಬುದು ನಮಗೆ ನೆನಪಿಲ್ಲ.

ಕಲ್ಲು ಮಣ್ಣಿನ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದವರು ಒಡ್ಡರು, ಇಂದಿನ ಭೋವಿ ಸಮುದಾಯದವರು. ಅವರಲ್ಲಿ ಕಲ್ಲು ಒಡ್ಡರು, ಮಣ್ಣು ಒಡ್ಡರು ಎಂಬ ಭೇದವೂ ಉಂಟು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ ಶರಣ ಸಿದ್ಧರಾಮ ಅವರ ಗುರು. ನಾಡಿನ ಕೆರೆ, ಕೋಟೆ, ಬಾವಿ, ಬೀಸುವ ಕಲ್ಲು, ಒರಳು ಎಲ್ಲದರಲ್ಲೂ ಅವರ ಕೈಯಿದೆ. ಆದರೆ ಊರು ಅವರಿಗೆ ಊರ ಹೊರಗಿನ ಜಾಗವನ್ನೇ ಕೊಟ್ಟಿತು.

ಬೆಟ್ಟವೇ ಸೆರೆಮನೆ

ಕಬ್ಬಾಳದುರ್ಗದ ಮೇಲೆ ಕೋಟೆ ಕಟ್ಟಿದವರ ಕಷ್ಟವನ್ನು ಊಹಿಸಲು ಒಮ್ಮೆ ಅದನ್ನು ಹತ್ತಿದರೆ ಸಾಕು. ನೀರಿನ ಬಾಟಲಿ ಮಾತ್ರ ಹೊತ್ತ ನಮಗೇ ಮೊಣಕಾಲು ನಡುಗುತ್ತದೆ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ. ಕಲ್ಲನ್ನು ಬೆಟ್ಟದ ಮೇಲೆಯೇ ಒಡೆದರೂ ಸುಣ್ಣ, ನೀರು, ಕಬ್ಬಿಣ, ಕಾಳು ಎಲ್ಲವೂ ಬುಡದಿಂದಲೇ ಹೋಗಬೇಕು. ಹೊತ್ತುಕೊಂಡು ಹೋದದ್ದು ಮನುಷ್ಯರು.

ಹೀಗೆ ಕಟ್ಟಿದ ದುರ್ಗ ಮೈಸೂರು ರಾಜ್ಯದ ಸೆರೆಮನೆಯಾಯಿತು. ಒಂದೇ ದಾರಿ, ಸುತ್ತ ಕಡಿದಾದ ಬಂಡೆ, ಕೆಟ್ಟ ಹವೆ. ಇಲ್ಲಿಗೆ ಕಳಿಸಿದವರು ತಿರುಗಿ ಬರುವುದು ಅಪರೂಪವಾಗಿತ್ತು. ದಳವಾಯಿಗಳ ಕೈಯಲ್ಲಿ ಪದಚ್ಯುತನಾದ ಚಾಮರಾಜ ಒಡೆಯರು 1734ರಲ್ಲಿ ಸತ್ತದ್ದು ಇಲ್ಲಿಯೇ. ಹಿಂದೂ ದೊರೆಗಳೂ ಮುಸ್ಲಿಂ ದೊರೆಗಳೂ ಈ ಬೆಟ್ಟವನ್ನು ಒಂದೇ ಕೆಲಸಕ್ಕೆ ಬಳಸಿದರು. ಅಧಿಕಾರಕ್ಕೆ ಈ ವಿಷಯದಲ್ಲಿ ಧರ್ಮಭೇದ ಇರಲಿಲ್ಲ. ಅರಸನೊಬ್ಬ ಇಲ್ಲಿ ಸತ್ತದ್ದು ಇತಿಹಾಸದಲ್ಲಿ ದಾಖಲಾಗಿದೆ. ಅವನು ಮಲಗಿದ ಕಲ್ಲಿನ ಕೋಣೆಯನ್ನು ಕಟ್ಟುವಾಗ ಜಾರಿ ಬಿದ್ದವರು ಇದ್ದಿರಲೇಬೇಕು. ಅವರಿಗೆ ಇಸವಿಯೂ ಇಲ್ಲ, ಹೆಸರೂ ಇಲ್ಲ.

ಕಲ್ಲಿಗೆ ಕಿವಿಗೊಡುವ ವಿದ್ಯೆ

ಕಟ್ಟಡ ಕೆಲಸ ಎಂದರೆ ಬರೀ ಮೈಬಲದ ಕೆಲಸ ಎಂಬ ಭ್ರಮೆ ಓದಿದವರಲ್ಲಿ ಆಳವಾಗಿದೆ. ಕಲ್ಲು ಸೀಳುವುದನ್ನು ಒಂದು ಗಂಟೆ ನಿಂತು ನೋಡಿದವರಿಗೆ ಆ ಭ್ರಮೆ ಉಳಿಯುವುದಿಲ್ಲ. ಬಂಡೆಗೂ ಮರದಂತೆ ಒಂದು ಎಳೆಯಿದೆ. ಯಾವ ಕಡೆ ಸುಲಭವಾಗಿ ಸೀಳುತ್ತದೆ, ಯಾವ ಕಡೆ ಮೊಂಡು ಬೀಳುತ್ತದೆ ಎಂಬುದನ್ನು ಕಲ್ಲುಕುಟಿಗ ಮೊದಲು ಗುರುತಿಸಬೇಕು. ಆಮೇಲೆ ಗೆರೆ ಹಾಕಿ, ಗೆರೆಯುದ್ದಕ್ಕೂ ಉಳಿಯಿಂದ ಸಾಲಾಗಿ ಗುಂಡಿ ತೋಡಿ, ಒಂದೊಂದಕ್ಕೂ ಬೆಣೆ ಇಟ್ಟು, ಸುತ್ತಿಗೆಯಿಂದ ಸರದಿಯಂತೆ ಹೊಡೆಯಬೇಕು. ಒಂದು ಬೆಣೆಗೆ ಪೆಟ್ಟು ಹೆಚ್ಚಾದರೆ ಬಿರುಕು ದಾರಿ ತಪ್ಪುತ್ತದೆ, ದಿನವಿಡೀ ಮಾಡಿದ ಕೆಲಸ ಹಾಳು. ಪ್ರತಿ ಪೆಟ್ಟಿನ ಸದ್ದು ಬದಲಾಗುವುದನ್ನು ಕೇಳಿಸಿಕೊಳ್ಳುತ್ತಾ ಹೋಗಬೇಕು. ಸದ್ದು ಟೊಳ್ಳಾದಾಗ ಬಂಡೆ ಬಿಡುತ್ತಿದೆ ಎಂದು ಅರ್ಥ. ಆಗ ಕಾಲು ಎಲ್ಲಿರಬೇಕು ಎಂಬುದು ಬದುಕು ಸಾವಿನ ಪ್ರಶ್ನೆ.

ಬೆಂಗಳೂರು ಸೀಮೆಯಲ್ಲಿ ಇನ್ನೊಂದು ಹಳೆಯ ಕ್ರಮವಿತ್ತು. ಬಂಡೆಯ ಮೇಲೆ ಕಟ್ಟಿಗೆಯ ಬೆಂಕಿಯನ್ನು ಸಾಲಾಗಿ ಹಚ್ಚಿ ನಿಧಾನವಾಗಿ ಮುಂದಕ್ಕೆ ಸರಿಸುತ್ತಾ ಹೋಗುವುದು. ಕಾದ ಪದರ ಹಿಗ್ಗಿ ಕೆಳಗಿನ ಬಂಡೆಯಿಂದ ಬಿಡಿಸಿಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟಿ ನೋಡಿ ಎಲ್ಲಿಯವರೆಗೆ ಬಿಟ್ಟಿದೆ ಎಂದು ತಿಳಿದುಕೊಂಡು ಬೆಂಕಿಯನ್ನು ಸರಿಸಬೇಕು. ಹೀಗೆ ಹತ್ತಾರು ಅಡಿ ಉದ್ದಗಲದ ತೆಳುವಾದ ಹಾಸು ಒಂದೇ ತುಂಡಾಗಿ ಎದ್ದು ಬರುತ್ತಿತ್ತು. ಅದನ್ನೇ ಸೀಳಿ ನಮ್ಮ ಹಳ್ಳಿಗಳ ಕಲ್ಲುಚಪ್ಪಡಿ, ಬೇಲಿಯ ಕಲ್ಲುಕಂಬ ಮಾಡುತ್ತಿದ್ದರು. 1895ರಲ್ಲಿ ವಾರ್ತ್ ಎಂಬ ಯುರೋಪಿಯನ್ ಇದನ್ನು ಕಂಡು ಬೆರಗಾಗಿ 'ನೇಚರ್' ಪತ್ರಿಕೆಗೆ ಬರೆದ. ಪಿಚ್ಚಮುತ್ತು ಅವರು ಕಬ್ಬಾಳಿನ ಬಗ್ಗೆ ಬರೆದದ್ದೂ ಅದೇ ಪತ್ರಿಕೆಗೆ ಎಂಬುದನ್ನು ಗಮನಿಸಿ. ಕಲ್ಲಿನ ವಿಜ್ಞಾನವೂ ಕಲ್ಲು ಎಬ್ಬಿಸುವ ವಿದ್ಯೆಯೂ ಒಂದೇ ಪತ್ರಿಕೆಯಲ್ಲಿ ಜಾಗ ಪಡೆದವು. ಆದರೆ ಮೊದಲನೆಯದನ್ನು ನಾವು ಜ್ಞಾನ ಎಂದೆವು, ಎರಡನೆಯದನ್ನು ಕೂಲಿ ಎಂದೆವು.

ಗಾರೆ ಕೆಲಸವೂ ಹೀಗೆಯೇ. ತೂಗುಗುಂಡು ಬಿಟ್ಟು ಗೋಡೆಯ ನೇರ ನೋಡುವವನು, ಸಾರವೆಯ ಮೇಲೆ ಒಂದು ಅಡಿ ಅಗಲದ ಹಲಗೆಯಲ್ಲಿ ನಿಂತು ಗಿಲಾವು ಮಾಡುವವನು, ತಲೆಯ ಸಿಂಬೆಯ ಮೇಲೆ ಬಾಂಡ್ಲಿ ಇಟ್ಟುಕೊಂಡು ಏಣಿ ಹತ್ತುವವಳು, ಇವರೆಲ್ಲ ಮೈಯನ್ನಷ್ಟೇ ದುಡಿಸುತ್ತಿಲ್ಲ. ಎಚ್ಚರವನ್ನೂ ದುಡಿಸುತ್ತಿದ್ದಾರೆ. ಒಂದು ಬಾಂಡ್ಲಿ ಕಲಸಿದ ಗಾರೆ ಇಪ್ಪತ್ತು ಕಿಲೋ ಎಂದಿಟ್ಟುಕೊಳ್ಳೋಣ. ದಿನಕ್ಕೆ ಇನ್ನೂರು ಸಲ ಹೊತ್ತರೆ ನಾಲ್ಕು ಸಾವಿರ ಕಿಲೋ ಆ ಹೆಣ್ಣುಮಗಳ ಕತ್ತಿನ ಮೂಲಕ ಹಾದುಹೋಗುತ್ತದೆ. ಇನ್ನೂರು ಸಲವೂ ಕಾಲು ಸರಿಯಾದ ಮೆಟ್ಟಿಲ ಮೇಲೆಯೇ ಬೀಳಬೇಕು. ನೂರತೊಂಬತ್ತೊಂಬತ್ತು ಸಲ ಸರಿಯಾಗಿ ಬಿದ್ದದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ. ಇಷ್ಟಾಗಿ ಅವಳ ಕೂಸು ಮರಳಿನ ರಾಶಿಯ ಪಕ್ಕದಲ್ಲಿ ಮಲಗಿರುತ್ತದೆ. ಅವಳ ಒಂದು ಕಣ್ಣು ಸದಾ ಅದರ ಮೇಲೆ.

ಅಣೆಕಟ್ಟು ಮತ್ತು ಸೌಧ

ಇಪ್ಪತ್ತನೆಯ ಶತಮಾನದಲ್ಲಿ ಮೈಸೂರು ರಾಜ್ಯ ದೊಡ್ಡ ಕಟ್ಟಡಗಳ ಯುಗಕ್ಕೆ ಕಾಲಿಟ್ಟಿತು. 1911ರಲ್ಲಿ ಕನ್ನಂಬಾಡಿ ಅಣೆಕಟ್ಟಿನ ಕೆಲಸ ಶುರುವಾಯಿತು. ಸುಮಾರು ಹತ್ತು ಸಾವಿರ ಜನ ಅಲ್ಲಿ ದುಡಿದರು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದರು. ಕೆಲಸ ಮುಗಿದದ್ದು 1931ರಲ್ಲಿ. ಕೆಲಸ ನಡೆಯುತ್ತಿದ್ದಾಗ ಅಲ್ಲಿ ಟಿಪ್ಪು ಸುಲ್ತಾನನ ಪರ್ಷಿಯನ್ ಶಾಸನವೊಂದು ಸಿಕ್ಕಿತು. ಅದೇ ಜಾಗದಲ್ಲಿ ಅಣೆ ಕಟ್ಟಲು ಅವನು ಹಾಕಿದ್ದ ಅಡಿಗಲ್ಲು ಅದು. ಅದರಲ್ಲಿ ಲಕ್ಷಾಂತರ ವೆಚ್ಚದ ಮಾತಿದೆ, ಹೊಸದಾಗಿ ಸಾಗುವಳಿ ಮಾಡುವ ರೈತರಿಗೆ ಕೊಡುವ ರಿಯಾಯಿತಿಯ ಮಾತಿದೆ. ರೈತನನ್ನು ನೆನೆದ ಆ ದೊರೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಕಲ್ಲು ಹೊರುವವನಿಗೆ ಅಲ್ಲಿಯೂ ಜಾಗವಿಲ್ಲ. ದೊರೆ ಯಾರೇ ಆಗಲಿ, ಅಡಿಗಲ್ಲಿನ ಮೇಲೆ ಹೆಸರು ಬರುವುದು ಅಡಿಗಲ್ಲು ಹೊತ್ತವನದ್ದಲ್ಲ.

ಬಳಿಕ ವಿಧಾನಸೌಧ. 1951ರ ಜುಲೈ 13ರಂದು ಪ್ರಧಾನಿ ನೆಹರೂ ಅಡಿಗಲ್ಲು ಹಾಕಿದರು. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ಈಗಿನ ಭವ್ಯ ರೂಪಕ್ಕೆ ತಂದರು. ಅವರು ರಾಮನಗರ ಸೀಮೆಯವರೇ, ಕಲ್ಲಿನ ನಾಡಿನ ಮಗ. 1956ರಲ್ಲಿ ಮುಗಿದ ಆ ಕಟ್ಟಡಕ್ಕೆ ಬೆಂಗಳೂರಿನ ಸುತ್ತಲಿನ ಬೂದುಗಲ್ಲು, ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು ಮತ್ತು ತುರುವೇಕೆರೆಯ ಕಪ್ಪುಕಲ್ಲು ಬಂದವು. ಸುಮಾರು ಐದು ಸಾವಿರ ಕೂಲಿಕಾರರು, ಸಾವಿರದೈನೂರರಷ್ಟು ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು ದುಡಿದರೆಂದು ಲೆಕ್ಕವಿದೆ. ಬೆಂಗಳೂರು ಜೈಲಿನ ಕೈದಿಗಳನ್ನೂ ಈ ಕೆಲಸಕ್ಕೆ ಹಚ್ಚಲಾಯಿತು, ಕೆಲಸ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಲಾಯಿತು.

ಕಬ್ಬಾಳದುರ್ಗದಲ್ಲಿ ಕಟ್ಟಡವು ಕೈದಿಗಳನ್ನು ಕೊಂದಿತು. ಇಲ್ಲಿ ಕೈದಿಗಳು ಕಟ್ಟಡವನ್ನು ಕಟ್ಟಿ ಬಿಡುಗಡೆ ಪಡೆದರು. ಇದು ದೊಡ್ಡ ಬದಲಾವಣೆ, ಪ್ರಜಾಪ್ರಭುತ್ವಕ್ಕೆ ಒಪ್ಪುವ ಬದಲಾವಣೆ. ಆದರೂ ವಿಧಾನಸೌಧದ ಬಗ್ಗೆ ಅಂದು ನಡೆದ ಚರ್ಚೆಯೆಲ್ಲ ಖರ್ಚಿನ ಸುತ್ತಲೇ ಸುತ್ತಿತು. ವಿಚಾರಣಾ ಸಮಿತಿ ಕುಳಿತದ್ದೂ ಅದಕ್ಕಾಗಿಯೇ. ಉಳಿಯ ಚಕ್ಕೆ ಹಾರಿ ಎಷ್ಟು ಕಣ್ಣು ಹೋದವು, ಎಷ್ಟು ಜನ ಕೆಮ್ಮುತ್ತಾ ಊರಿಗೆ ಮರಳಿದರು ಎಂಬುದು ಚರ್ಚೆಗೆ ಬರಲಿಲ್ಲ. 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಅದರ ಹಣೆಯ ಮೇಲೆ ಕೆತ್ತಲಾಗಿದೆ. ಆ ಅಕ್ಷರಗಳನ್ನು ಕೆತ್ತಿದವನ ಕೆಲಸ ಯಾರ ಕೆಲಸ?

ಎದೆಯೊಳಗಿನ ಕಲ್ಲು

ಉಳಿ ಸುತ್ತಿಗೆಯ ಕಾಲದಲ್ಲೂ ಕಲ್ಲುಪುಡಿ ಇತ್ತು. ಇಟಲಿಯ ವೈದ್ಯ ರಮಝಿನಿ ಮುನ್ನೂರು ವರ್ಷಗಳ ಹಿಂದೆಯೇ ಕಲ್ಲುಕುಟಿಗರ ಎದೆಯ ರೋಗವನ್ನು ಗುರುತಿಸಿದ್ದ. ಯಂತ್ರಗಳು ಬಂದ ಮೇಲೆ ಪುಡಿ ಹತ್ತಾರು ಪಟ್ಟು ಹೆಚ್ಚಿತು. ಕಂಪ್ರೆಸರ್ ಗಾಳಿಯಿಂದ ಓಡುವ ಡ್ರಿಲ್ ನಿಮಿಷಗಳಲ್ಲಿ ಕೊರೆಯುವ ರಂಧ್ರವನ್ನು ಕೈಯಲ್ಲಿ ತೋಡಲು ಗಂಟೆಗಟ್ಟಲೆ ಬೇಕಿತ್ತು. ಕ್ರಷರ್‌ಗಳು ಬಂದವು. ನದಿ ಮರಳು ಸಿಗದಾದಾಗ ಕಲ್ಲನ್ನೇ ಅರೆದು ಮರಳು ಮಾಡುವ ಘಟಕಗಳು ಬಂದವು.

ಗ್ರಾನೈಟಿನಲ್ಲಿ ಸುಮಾರು ಕಾಲುಭಾಗ ಬೆಣಚುಕಲ್ಲು, ಅಂದರೆ ಸಿಲಿಕಾ. ಕಣ್ಣಿಗೆ ಕಾಣುವ ದೂಳು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಅಪಾಯಕಾರಿಯಾದದ್ದು ಕಣ್ಣಿಗೆ ಕಾಣದ ದೂಳು. ಅದು ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೂ ಇಳಿಯುತ್ತದೆ. ಅದನ್ನು ನುಂಗಲು ಬರುವ ರಕ್ಷಣಾ ಕಣಗಳು ತಾವೇ ಸಾಯುತ್ತವೆ. ಸತ್ತ ಜಾಗದಲ್ಲಿ ಗಾಯದ ಕಲೆ ಬೆಳೆಯುತ್ತದೆ. ಕಲೆ ಕೂಡುತ್ತಾ ಕೂಡುತ್ತಾ ಶ್ವಾಸಕೋಶ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಲ್ಲದು. ಗುಣಪಡಿಸುವ ಔಷಧಿಯಿಲ್ಲ. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು. ಹಾಗಾಗಿ ಎಷ್ಟೋ ಜನರಿಗೆ ಟಿ.ಬಿ. ಎಂದು ಚೀಟಿ ಬರೆದು ಮಾತ್ರೆ ಕೊಟ್ಟು ಕಳಿಸಲಾಗುತ್ತದೆ. ಕಾರಣ ಎದೆಯಲ್ಲಿಯೇ ಉಳಿಯುತ್ತದೆ. 1997ರಲ್ಲಿ ಈ ದೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೂ ಸೇರಿಸಲಾಯಿತು. ತಡೆಯುವುದು ಕಷ್ಟವೇನಲ್ಲ. ಕೊರೆಯುವಾಗ ನೀರು ಹಾಯಿಸಿದರೆ ದೂಳು ಬಹುಮಟ್ಟಿಗೆ ಅಡಗುತ್ತದೆ. ಮೂಗಿಗೆ ಟವೆಲು ಕಟ್ಟಿಕೊಂಡರೆ ಅಡಗುವುದಿಲ್ಲ.

ಡ್ರಿಲ್ ಹಿಡಿದವನ ಬೆರಳುಗಳು ವರ್ಷಗಳ ಅದುರಾಟದಿಂದ ಮರಗಟ್ಟುತ್ತವೆ. ಸಿಮೆಂಟಿನಲ್ಲಿ ಬರಿಗೈ ಇಟ್ಟವನ ಚರ್ಮ ಸುಟ್ಟು ಬಿರಿಯುತ್ತದೆ. ಸಿಡಿಮದ್ದಿನ ಕತೆ ಬೇರೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರು ತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕ್ವಾರಿಗೆ ತಂದಿದ್ದ ಜಿಲೆಟಿನ್ ಸಿಡಿದು ದುಡಿಯುವವರು ಛಿದ್ರವಾದರು. ನಗರದಲ್ಲಿ ಕಟ್ಟಡಗಳೇ ಕುಸಿಯುತ್ತವೆ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ಕಟ್ಟುತ್ತಿರುವಾಗಲೇ ಉರುಳಿ ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ಮತ್ತೆ ಅದೇ ಆಯಿತು.

ಮನಸ್ಸಿನ ಮೇಲಿನ ಹೊರೆ

ಮೈಯ ಗಾಯ ಕಾಣುತ್ತದೆ. ಮನಸ್ಸಿನ ಗಾಯ ಕಾಣುವುದಿಲ್ಲ. ಬೆಳಗ್ಗೆ ಆರು ಗಂಟೆಗೆ ಊಟದ ಡಬ್ಬಿ ಹಿಡಿದು ವೃತ್ತದಲ್ಲಿ ನಿಂತು, ಇಂದು ಯಾರಾದರೂ ಕರೆಯುತ್ತಾರೋ ಇಲ್ಲವೋ ಎಂದು ಕಾಯುವುದು ಎಂಥ ಅನುಭವ ಎಂಬುದನ್ನು ತಿಂಗಳ ಸಂಬಳದವರು ಅರಿಯುವುದು ಕಷ್ಟ. ಒಂಬತ್ತಾದರೆ ಕೆಲಸವಿಲ್ಲ ಎಂದರ್ಥ. ಡಬ್ಬಿಯನ್ನು ಹಾಗೆಯೇ ಹಿಡಿದು ಮನೆಗೆ ಹೋಗಲು ನಾಚಿಕೆ. ಕೆಲಸ ಸಿಕ್ಕಿದರೆ ಎತ್ತರದ ಭಯ, ಮೇಸ್ತ್ರಿಯ ಬೈಗುಳ, ಶನಿವಾರ ಬಟವಾಡೆ ಪೂರ್ತಿ ಆಗುವುದೋ ಎಂಬ ಅನುಮಾನ. ಭಯವನ್ನು ತೋರಿಸುವಂತಿಲ್ಲ, ತೋರಿಸಿದವನನ್ನು ನಾಳೆ ಕರೆಯುವುದಿಲ್ಲ. ಮೈನೋವು ಮರೆತು ನಿದ್ದೆ ಬರಲೆಂದು ಎಷ್ಟೋ ಜನ ಕುಡಿತಕ್ಕೆ ಬೀಳುತ್ತಾರೆ. ಆಮೇಲೆ ನಾವು ಅವರು ಬಡವರಾಗಿರುವುದೇ ಕುಡಿತದಿಂದ ಎಂದು ತೀರ್ಪು ಕೊಡುತ್ತೇವೆ.

ಕ್ವಾರಿಗಳಲ್ಲಿ ಈ ಹೊರೆಗೆ ಇನ್ನೊಂದು ಹೆಸರಿದೆ. ಅದು ಮುಂಗಡ. ಮದುವೆಗೋ ಆಸ್ಪತ್ರೆಗೋ ಪಡೆದ ಹಣ ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲ. ಲೆಕ್ಕ ಬರೆಯುವವನು ಸಾಲ ಕೊಟ್ಟವನೇ. ಬೆಂಗಳೂರು ಸುತ್ತಲ ಕ್ವಾರಿಗಳಿಗೆ ತಮಿಳುನಾಡಿನಿಂದ, ಉತ್ತರ ಕರ್ನಾಟಕದಿಂದ ಬಂದ ಎಷ್ಟೋ ಕುಟುಂಬಗಳು ಹೀಗೆ ಬೇರೂರಿದವು. ದುರ್ಗದ ಮೇಲಿನ ಕೈದಿಗೆ ಬಂಡೆಯೇ ಬೇಲಿಯಾಗಿತ್ತು. ಇವರಿಗೆ ಒಂದು ಚೀಟಿಯಲ್ಲಿ ಬರೆದ ಅಂಕಿ ಬೇಲಿಯಾಯಿತು.

ರಾಷ್ಟ್ರೀಯ ಅಪರಾಧ ದಾಖಲಾತಿ ಸಂಸ್ಥೆಯ ವರದಿಯಂತೆ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033 ಜನ. ಅವರಲ್ಲಿ 42,004 ಮಂದಿ ದಿನಗೂಲಿಯವರು. ಅಂದರೆ ನಾಲ್ವರಲ್ಲಿ ಒಬ್ಬರು. ಎಲ್ಲರೂ ಕಟ್ಟಡ ಕೆಲಸದವರಲ್ಲ ನಿಜ. ಆದರೆ ದಿನಗೂಲಿ ಎಂಬ ಪದದೊಳಗೆ ಗಾರೆ, ಕಲ್ಲು, ಸೆಂಟ್ರಿಂಗ್ ಕೆಲಸದವರು ಎಷ್ಟು ದೊಡ್ಡ ಪಾಲು ಎಂಬುದು ನಮಗೆಲ್ಲ ಗೊತ್ತು.

2020ರ ಮೇ ತಿಂಗಳನ್ನು ಇಲ್ಲಿ ನೆನೆಯಲೇಬೇಕು. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ಹೊರರಾಜ್ಯದ ಕಾರ್ಮಿಕರು ಊರಿಗೆ ಹೋಗಬೇಕೆಂದು ಅಂಗಲಾಚುತ್ತಿದ್ದಾಗ, ಕಟ್ಟಡ ನಿರ್ಮಾಪಕರೊಂದಿಗೆ ಸಭೆ ನಡೆದ ಮೇಲೆ ರಾಜ್ಯ ಸರ್ಕಾರ ವಿಶೇಷ ರೈಲುಗಳನ್ನು ಬೇಡವೆಂದಿತು. ಪ್ರತಿಭಟನೆಯ ನಂತರ ಕೆಲವೇ ದಿನಗಳಲ್ಲಿ ನಿರ್ಧಾರ ಬದಲಾಯಿತು. ಆದರೆ ಆ ಕೆಲವು ದಿನಗಳು ಒಂದು ಸತ್ಯವನ್ನು ಬಯಲು ಮಾಡಿದವು. ನಮಗೆ ಅವರ ಕೈ ಬೇಕು. ತಾಯಿಯ ಮುಖ ನೋಡಬೇಕೆಂಬ ಅವರ ಮನಸ್ಸು ಬೇಡ.

ಹೆಸರಿಲ್ಲದವನಿಗೆ ಪರಿಹಾರವಿಲ್ಲ

ಕಾನೂನುಗಳಿಲ್ಲವೆಂದಲ್ಲ. 1923ರ ಪರಿಹಾರ ಕಾಯ್ದೆಯ ರೋಗಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು. 1976ರಲ್ಲಿ ಜೀತಪದ್ಧತಿ ರದ್ದಾಯಿತು. ಫರೀದಾಬಾದಿನ ಕಲ್ಲು ಕ್ವಾರಿಗಳ ಜೀತದಾಳುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1983ರ ಡಿಸೆಂಬರಿನಲ್ಲಿ ಒಂದು ಮಹತ್ವದ ಮಾತು ಹೇಳಿತು. ಬಲವಂತದ ದುಡಿಮೆ ಕಂಡುಬಂದರೆ ಅದು ಮುಂಗಡಕ್ಕೆ ಕಟ್ಟಿಹಾಕಿದ ಜೀತವೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು. 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಮತ್ತು ಸೆಸ್ ಕಾಯ್ದೆ ಬಂದವು. ಕಟ್ಟಡದ ವೆಚ್ಚದ ಶೇಕಡಾ ಒಂದು ಭಾಗ ಕಾರ್ಮಿಕರ ಕಲ್ಯಾಣ ನಿಧಿಗೆ ಸೇರಬೇಕು. ಕರ್ನಾಟಕ ನಿಯಮಗಳನ್ನು ಮಾಡಿದ್ದು ಹತ್ತು ವರ್ಷದ ನಂತರ, 2006ರಲ್ಲಿ. ಮಂಡಳಿ ರಚನೆಯಾದದ್ದು 2007ರಲ್ಲಿ. ಅದೇ ವರ್ಷ ರಾಮನಗರ ಜಿಲ್ಲೆಯೂ ಹುಟ್ಟಿತು. 2025ರಲ್ಲಿ ಆ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲಾಯಿತು. ದೇಶದಾದ್ಯಂತ ಸಂಗ್ರಹವಾದ ಸೆಸ್ ಹಣ ಕಾರ್ಮಿಕರನ್ನು ತಲುಪದೆ ಬಿದ್ದಿರುವುದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಮಾತನಾಡಿತು. 2020ರಲ್ಲಿ ಸಂಸತ್ತು ಪರಿಹಾರ ಕಾಯ್ದೆ, ಕಟ್ಟಡ ಕಾರ್ಮಿಕರ ಕಾಯ್ದೆ ಮತ್ತು ಸೆಸ್ ಕಾಯ್ದೆಗಳನ್ನು ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿಸಿತು.

ಆದರೆ ಎಲ್ಲ ಕಾನೂನುಗಳ ಬಾಗಿಲಲ್ಲೂ ಒಂದೇ ಪ್ರಶ್ನೆ ನಿಂತಿದೆ. ನೀನು ಇಲ್ಲಿ ದುಡಿದೆ ಎಂಬುದಕ್ಕೆ ದಾಖಲೆ ಏನು? ಹತ್ತು ವರ್ಷದಲ್ಲಿ ಆರು ಕ್ವಾರಿ, ನಾಲ್ಕು ಮೇಸ್ತ್ರಿಗಳನ್ನು ಕಂಡವನ ಕೈಯಲ್ಲಿ ಹಾಜರಿ ಪುಸ್ತಕದ ನಕಲೂ ಇಲ್ಲ, ಸಂಬಳದ ಚೀಟಿಯೂ ಇಲ್ಲ. ಮಂಡಳಿಯ ಗುರುತಿನ ಚೀಟಿ ಬೇಕಾದರೆ ತೊಂಬತ್ತು ದಿನ ದುಡಿದ ಪ್ರಮಾಣಪತ್ರ ಬೇಕು. ಸಿಲಿಕೋಸಿಸ್‌ಗೆ ಪರಿಹಾರ ಕೇಳಬೇಕಾದರೆ ಯಾವ ಮಾಲೀಕನ ದೂಳು ತನ್ನ ಎದೆಯಲ್ಲಿದೆ ಎಂದು ತೋರಿಸಬೇಕು. ದೂಳಿಗೆ ವಿಳಾಸ ಇರುವುದಿಲ್ಲ. ಶಾಸನದಲ್ಲಿ ಹೆಸರಿಲ್ಲದಿರುವುದು ಹಳೆಯ ಕಾಲದ ಅಲಕ್ಷ್ಯ ಎಂದು ನಾವು ನಿಟ್ಟುಸಿರು ಬಿಟ್ಟು ಮುಂದೆ ಹೋಗಬಹುದಿತ್ತು. ಆದರೆ ಅದೇ ಅಲಕ್ಷ್ಯ ಇಂದು ಹಾಜರಿ ಪುಸ್ತಕದಲ್ಲಿ ಮುಂದುವರಿದಿದೆ. ಅಲ್ಲಿ ಹೆಸರು ಬಿಟ್ಟುಹೋದರೆ ಹೋಗುವುದು ಕೀರ್ತಿಯಲ್ಲ, ಔಷಧಿ ಮತ್ತು ಅನ್ನ.

ರಾಜಸ್ಥಾನ ಈ ಗಂಟನ್ನು ಸ್ವಲ್ಪ ಬಿಡಿಸಿ ತೋರಿಸಿದೆ. ಅಲ್ಲಿ ದುಡಿಯುವವರ ಸಂಘಟನೆಗಳ ದೀರ್ಘ ಹೋರಾಟದ ಫಲವಾಗಿ 2019ರಲ್ಲಿ ನೀತಿಯೊಂದು ಬಂತು. ಕಾರ್ಮಿಕ ತಾನೇ ಹೆಸರು ನೋಂದಾಯಿಸಬಹುದು. ವೈದ್ಯರು ಸಿಲಿಕೋಸಿಸ್ ಎಂದು ದೃಢಪಡಿಸಿದರೆ ಮೂರು ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ ಮತ್ತೆ ಎರಡು ಲಕ್ಷ. ಮಾಲೀಕನನ್ನು ಹುಡುಕಿಕೊಂಡು ಅಲೆಯುವ ಕೆಲಸ ರೋಗಿಯ ಮೇಲೆ ಬೀಳುವುದಿಲ್ಲ. ಹಣದಿಂದ ಶ್ವಾಸಕೋಶ ಮರಳುವುದಿಲ್ಲ. ಆದರೆ ನಿನಗೆ ಹೀಗಾದದ್ದು ನಿಜ ಎಂದು ಸರ್ಕಾರ ಒಪ್ಪಿಕೊಳ್ಳುವುದೂ ಒಂದು ಚಿಕಿತ್ಸೆಯೇ. ಗ್ರಾನೈಟಿನಿಂದ ಹೆಸರು ಮಾಡಿದ ಕರ್ನಾಟಕಕ್ಕೆ ಇಂಥ ನೀತಿ ಭಾರವಾಗಬಾರದು. ಕ್ವಾರಿಗಳ ಸುತ್ತಲ ಆರೋಗ್ಯ ಕೇಂದ್ರಗಳಲ್ಲಿ ಕೆಮ್ಮು ಎಂದು ಬಂದವನನ್ನು, ಏನು ಕೆಲಸ ಮಾಡುತ್ತಿದ್ದೆಯಪ್ಪಾ ಎಂದು ಕೇಳುವ ಅಭ್ಯಾಸ ಬೆಳೆದರೂ ಅರ್ಧ ದಾರಿ ಕ್ರಮಿಸಿದಂತೆ.

ಮತ್ತೆ ಕಬ್ಬಾಳಿನ ಬೆಟ್ಟಕ್ಕೆ ಬರೋಣ. ಇಳಿಯುವಾಗ ಬಂಡೆಯಲ್ಲಿ ಕಡೆದ ಮೆಟ್ಟಿಲುಗಳನ್ನು ಗಮನಿಸಿ ನೋಡಬೇಕು. ಹೆಜ್ಜೆ ಜಾರಬಾರದೆಂದು ಅಲ್ಲಲ್ಲಿ ಉಳಿಯ ಗುರುತನ್ನು ಒರಟಾಗಿಯೇ ಬಿಟ್ಟಿದ್ದಾರೆ. ಅಂದು ಅಲ್ಲಿ ಕುಳಿತು ಉಳಿ ಹಿಡಿದವನಿಗೆ ತನ್ನ ಹಿಂದೆ ಯಾರು ಹತ್ತುತ್ತಾರೆಂದು ಗೊತ್ತಿರಲಿಲ್ಲ. ಸಿಪಾಯಿಯೋ, ಕೈದಿಯೋ, ಅರಸನೋ, ನಾವೋ. ಯಾರೇ ಆದರೂ ಬೀಳಬಾರದು ಎಂದು ಅವನು ಯೋಚಿಸಿದ. ಅವನು ಬೀಳಬಾರದು ಎಂದು ಯೋಚಿಸುವ ಸರದಿ ಈಗ ನಮ್ಮದು.